ಅವ್ವನ ಭೇದಿಗೆ ಮೊದಲು ಐಬಿಎಸ್ ಅಂದರು, ಈಗ ಟಿಬಿ ಮಾತ್ರೆ ಶುರು ಮಾಡೋಣ ಅಂತಾರೆ. ಅದಕ್ಕೂ ಮುಂಚೆ ಏನು ಕೇಳಬೇಕು?

ಚನ್ನಗಿರಿ ಹುಡುಗಿ:

ಎಲ್ಲರಿಗೂ ನಮಸ್ಕಾರ. ಇದು ನಮ್ಮ ಅವ್ವನ ವಿಷಯ. ವಯಸ್ಸು 56. ಕೆಲವು ವರ್ಷಗಳಿಂದ ಹೊಟ್ಟೆ ಸರಿಯಿಲ್ಲ. ದಿನಕ್ಕೆ ಐದಾರು ಸಲ ನೀರಾಗಿ ಭೇದಿಯಾಗುತ್ತದೆ. ಊಟ ಆದ ಮೇಲೆ ಹೊಕ್ಕಳ ಸುತ್ತ ಹಿಂಡುವ ನೋವು. ಹೊಟ್ಟೆ ಗುಡುಗುಡು ಅನ್ನುವುದು ಪಕ್ಕದಲ್ಲಿ ಮಲಗಿದ ನನಗೂ ಕೇಳಿಸುತ್ತದೆ. ರಾತ್ರಿ ಎರಡು ಗಂಟೆ, ಮೂರು ಗಂಟೆಗೆಲ್ಲ ಎದ್ದು ಹೋಗುತ್ತಾಳೆ. ಶ್ರಾವಣ ಸೋಮವಾರ ಉಪವಾಸ ಇದ್ದಳು. ಹೊಟ್ಟೆಗೆ ಏನೂ ಬೀಳದಿದ್ದರೂ ಅವತ್ತೂ ಭೇದಿ ನಿಲ್ಲಲಿಲ್ಲ. ತೂಕ ಇಳಿದಿದೆ. ಜಂಪರುಗಳನ್ನೆಲ್ಲ ಒಳಗೆ ಹೊಲಿಸಿಕೊಂಡಿದ್ದಾಳೆ.

ಎಂಡೋಸ್ಕೋಪಿ ಆಗಿದೆ, ಸ್ವಲ್ಪ ಗ್ಯಾಸ್ಟ್ರೈಟಿಸ್ ಅಂತ ಬಂತು. ಕೊಲೊನೋಸ್ಕೋಪಿ ನಾರ್ಮಲ್. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಗ್ಯಾಸ್ ಜಾಸ್ತಿ, ಸರಿಯಾಗಿ ಕಾಣಿಸುತ್ತಿಲ್ಲ ಅಂದರು. ಎಲ್ಲಾ ಸೇರಿಸಿ ಐಬಿಎಸ್, ಅಂದರೆ ಪರೀಕ್ಷೆಯಲ್ಲಿ ಏನೂ ಕಾಣದೆ ಕರುಳು ಕೆರಳುವ ತೊಂದರೆ, ಟೆನ್ಷನ್ ಕಮ್ಮಿ ಮಾಡಿಕೊಳ್ಳಿ ಅಂತ ಕಳಿಸಿದರು. ಅಪ್ಪ ಹೋದ ಮೇಲೆ ಶುರುವಾಗಿದ್ದರಿಂದ ನಾವೂ ಹಾಗೇ ಅಂದುಕೊಂಡೆವು.

ಈಗ ಬೇರೆ ಕಡೆ ತೋರಿಸಿದಾಗ ಡೈ (ಚಿತ್ರ ಸ್ಪಷ್ಟವಾಗಲು ನರಕ್ಕೆ ಕೊಡುವ ಔಷಧಿ) ಹಾಕದೆ ಸಿಟಿ ಸ್ಕ್ಯಾನ್ ಮಾಡಿದರು. ಅದರಲ್ಲಿ ಸಣ್ಣ ಕರುಳಿನ ಮೆಸೆಂಟ್ರಿಯಲ್ಲಿ ಎರಡು ಸೆಂಟಿಮೀಟರಿನಷ್ಟು ಗಂಟು, ಒಳಗೆ ಸುಣ್ಣ ಕಟ್ಟಿದೆ, ಹಳೇ ಟಿಬಿ ಇರಬಹುದು ಅಂತ ಬರೆದಿದ್ದಾರೆ. ಟಿಬಿಗೆ ಚರ್ಮದಲ್ಲಿ ಚುಚ್ಚಿ ನೋಡುವ ಮ್ಯಾಂಟೂ ಪರೀಕ್ಷೆ ಪಾಸಿಟಿವ್. ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡೋಣ ಅಂದಿದ್ದಾರೆ. ಕೆಮ್ಮಿಲ್ಲ, ಜ್ವರ ಇಲ್ಲ.

ಇನ್ನೊಂದು ವಿಷಯ. ಇದಕ್ಕೆ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ಅವ್ವನ ಮುಖ, ಕತ್ತು ಆಗಾಗ ಕೆಂಪಗಾಗುತ್ತದೆ. ಮುಟ್ಟು ನಿಂತ ಮೇಲೆ ಹೀಗಾಗುತ್ತದೆ ಅಂತ ಎಲ್ಲರೂ ಅಂತಾರೆ. ಬಿಪಿ ಮಾತ್ರೆ ತಗೋತಾಳೆ, ಶುಗರ್ ಇಲ್ಲ.

ಟಿಬಿ ಮಾತ್ರೆಗೆ ಹೆದರುತ್ತಿಲ್ಲ. ಟಿಬಿ ಅಂತ ಖಾತ್ರಿ ಆಗಿದ್ದರೆ ಇವತ್ತೇ ಕೊಡುತ್ತೇನೆ. ಆದರೆ ಡಾಕ್ಟರೇ "ಇರಬಹುದು" ಅಂದಾಗ ನಾನು ಏನು ಕೇಳಬೇಕು?

ಮಂಡ್ಯದವ:

ನನಗೂ ಐಬಿಎಸ್ ಇದೆ, ಕಾಲೇಜಿನಿಂದಲೂ. ಪರೀಕ್ಷೆ ಬಂತು ಅಂದರೆ, ಇಂಟರ್‌ವ್ಯೂ ಅಂದರೆ ಹೊಟ್ಟೆ ಕೆಟ್ಟಿತು ಅಂತಲೇ ಲೆಕ್ಕ. ಹಾಲು ಬಿಟ್ಟೆ, ಮೈದಾ ಬಿಟ್ಟೆ, ಜೀರಿಗೆ ಹಾಕಿದ ಮಜ್ಜಿಗೆ ಕುಡಿಯುತ್ತೇನೆ, ಬೆಳಗ್ಗೆ ನಡೆಯುತ್ತೇನೆ. ತುಂಬಾ ವಾಸಿ. ಆದರೆ ನಿಮ್ಮ ತಾಯಿಯವರ ವಿಷಯ ಓದಿದರೆ ನನ್ನ ಹಾಗೆ ಕಾಣುತ್ತಿಲ್ಲ. ನನ್ನ ತೂಕ ಯಾವತ್ತೂ ಇಳಿದಿಲ್ಲ. ಮಲಗಿದ ಮೇಲೆ ಭೇದಿಗೆ ಅಂತ ಎದ್ದಿದ್ದೇ ಇಲ್ಲ. ಮಲವಿಸರ್ಜನೆ ಆದ ಮೇಲೆ ನೋವು ಹೋಗುತ್ತದೆ. ತಿಳಿದವರು ಯಾರಾದರೂ ಹೇಳಲಿ.

ತೋಟದ ಮನೆ, ತೀರ್ಥಹಳ್ಳಿ:

ತಂಗಿ, ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವಳು. ನಮ್ಮ ಯಜಮಾನರಿಗೆ ಸಣ್ಣ ಕರುಳಿನಲ್ಲಿ ನ್ಯೂರೋಎಂಡೋಕ್ರೈನ್ ಟ್ಯೂಮರ್, ಅಂದರೆ ಹಾರ್ಮೋನು ಬಿಡುವ ಜೀವಕೋಶಗಳಿಂದ ಹುಟ್ಟುವ ಗಡ್ಡೆ, ಇತ್ತು. ಗೊತ್ತಾಗುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ನೀವು ಬರೆದಿದ್ದನ್ನು ಓದಿ ನನಗೆ ಸುಮ್ನೆ ಕೂರಲಾಗಲಿಲ್ಲ. ನಿಮ್ಮ ಅವ್ವನಿಗೆ ಅದೇ ಅಂತ ಹೇಳುತ್ತಿಲ್ಲ. ಇದು ಅಪರೂಪದ ಕಾಯಿಲೆ, ಟಿಬಿ ನಮ್ಮಲ್ಲಿ ಮಾಮೂಲು. ಆದರೆ ಟಿಬಿ ಮಾತ್ರೆ ಶುರುವಾಗುವ ಮೊದಲು ಇದನ್ನು ಒಂದು ಸಲ ನೋಡಿ ಕೈಬಿಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಒಂದು ಸರಳ ವಿಷಯ. ಎಂಡೋಸ್ಕೋಪಿ ಬಾಯಿಂದ ಹೋಗಿ ಹೊಟ್ಟೆ ದಾಟಿ ಸ್ವಲ್ಪ ದೂರ ನೋಡುತ್ತದೆ. ಕೊಲೊನೋಸ್ಕೋಪಿ ಕೆಳಗಿಂದ ಹೋಗಿ ದೊಡ್ಡ ಕರುಳು ನೋಡುತ್ತದೆ, ಡಾಕ್ಟರು ಮನಸ್ಸು ಮಾಡಿದರೆ ಸಣ್ಣ ಕರುಳಿನ ತುದಿಯನ್ನೂ ಸ್ವಲ್ಪ ನೋಡಬಹುದು. ಇವೆರಡರ ನಡುವೆ ಮೀಟರುಗಟ್ಟಲೆ ಸಣ್ಣ ಕರುಳಿದೆ. ಅದನ್ನು ಯಾರೂ ನೋಡಿಲ್ಲ. ಎರಡೂ ನಾರ್ಮಲ್ ಅಂತ ಬಂದಾಗ ಹೊಟ್ಟೆಯೆಲ್ಲಾ ನೋಡಿ ಆಯಿತು ಅಂತ ನಮಗೆ ಅನಿಸಿಬಿಡುತ್ತದೆ. ಆಗಿಲ್ಲ. ಈ ಗಡ್ಡೆ ಜಾಸ್ತಿ ಬರುವುದೇ ಇಲಿಯಮ್ ಅನ್ನುವ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ. ಗಡ್ಡೆ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ ಎಷ್ಟೋ ಸಲ. ಆದರೆ ಅದರಿಂದ ಹೊರಟ ಗಂಟು ಮೆಸೆಂಟ್ರಿಯಲ್ಲಿ ದೊಡ್ಡದಾಗಿ ಬೆಳೆದಿರುತ್ತದೆ. ಮೆಸೆಂಟ್ರಿ ಅಂದರೆ ಕರುಳನ್ನು ಬೆನ್ನ ಕಡೆಯ ಗೋಡೆಗೆ ಹಿಡಿದಿಟ್ಟಿರುವ ಪೊರೆ, ರಕ್ತನಾಳಗಳೆಲ್ಲ ಅದರಲ್ಲೇ ಹಾದು ಬರುತ್ತವೆ. ಮತ್ತೆ ಈ ಗಂಟಿನಲ್ಲಿ ಸುಣ್ಣ ಕಟ್ಟುವುದು ಸಾಮಾನ್ಯ. ಟಿಬಿ ಗಂಟಿನಲ್ಲೂ ಕಟ್ಟುತ್ತದೆ. ಗೊಂದಲ ಆಗುವುದೇ ಇಲ್ಲಿ.

ನಮ್ಮ ಯಜಮಾನರಿಗೂ ಮೊದಲ ಸಿಟಿ ಡೈ ಇಲ್ಲದೆಯೇ ಆಗಿತ್ತು. ಆಮೇಲೆ ಡೈ ಹಾಕಿ ಮಾಡಿದ ಸಿಟಿಯನ್ನು ಒಬ್ಬ ರೇಡಿಯಾಲಜಿಸ್ಟ್ ಹುಡುಗಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದಳು. ಪರದೆಯ ಮೇಲೆ ಪೆನ್ನಿನ ಮುಚ್ಚಳ ಇಟ್ಟು, "ಆಂಟಿ, ಈ ಬಿಳಿ ಚುಕ್ಕೆ ನೋಡಿ, ಇದು ಸುಣ್ಣ. ಈಗ ಸುತ್ತ ನೋಡಿ" ಅಂದಳು. ಗಂಟಿನಿಂದ ಸುತ್ತಲೂ ಗೆರೆಗಳು ಹೊರಟಿದ್ದವು. ಸೀರೆಯಲ್ಲಿ ಒಂದು ದಾರ ಎಳೆದರೆ ಸುತ್ತಲಿನ ಬಟ್ಟೆ ಸುಕ್ಕಾಗಿ ಅದರ ಕಡೆಗೇ ಬರುವುದಿಲ್ಲವೇ, ಹಾಗೆ ಪಕ್ಕದ ಕರುಳಿನ ಸುರುಳಿಗಳೆಲ್ಲ ಆ ಗಂಟಿನ ಕಡೆಗೆ ಎಳೆದುಕೊಂಡಿದ್ದವು. ಗಡ್ಡೆ ಬಿಡುವ ರಾಸಾಯನಿಕಗಳಿಂದ ಸುತ್ತಲಿನ ಪೊರೆ ಗಟ್ಟಿಯಾಗಿ ಕುಗ್ಗುತ್ತದಂತೆ. ಕರುಳು ಮಡಚಿಕೊಳ್ಳುತ್ತದೆ, ಕೆಲವರಿಗೆ ರಕ್ತದ ಹರಿವೂ ಕಮ್ಮಿಯಾಗುತ್ತದೆ. ಊಟ ಆದ ಮೇಲೆ ಹಿಂಡುವ ನೋವಿಗೆ ಅದೇ ಕಾರಣ ಅಂದಳು. ನಮ್ಮವರಿಗೆ ಹಬ್ಬದೂಟ ಆದ ರಾತ್ರಿ ಹೊಟ್ಟೆ ಉಬ್ಬಿ, ವಾಂತಿಯಾಗಿ, ಮಾರನೇ ದಿನ ಏನೂ ಆಗದವರ ಹಾಗೆ ತೋಟಕ್ಕೆ ಹೋಗುತ್ತಿದ್ದರು. ಹಲಸಿನ ಹಣ್ಣಿನ ಕಾಲದಲ್ಲಿ ಜಾಸ್ತಿ. ಎಲ್ಲರೂ ಹಲಸಿನ ಹಣ್ಣನ್ನೇ ಬೈದದ್ದು. ಅದು ಕರುಳು ಅರ್ಧಂಬರ್ಧ ಕಟ್ಟಿಕೊಂಡು ಬಿಡುತ್ತಿದ್ದದ್ದು.

ಆದ್ದರಿಂದ ಡಾಕ್ಟರ ಹತ್ತಿರ ಕೇಳಬೇಕಾದ ಮೊದಲ ಪ್ರಶ್ನೆ: ಡೈ ಹಾಕಿದ ಸಿಟಿ ಮಾಡಿಸೋಣವೇ, ಆಗುವುದಾದರೆ ಸಿಟಿ ಎಂಟರೋಗ್ರಫಿ? ಇದಕ್ಕೆ ಮುಂಚೆ ಒಂದೂವರೆ ಲೀಟರಿನಷ್ಟು ದ್ರವ ಕುಡಿಸುತ್ತಾರೆ, ಸಣ್ಣ ಕರುಳು ತುಂಬಿ ಗೋಡೆ ಚೆನ್ನಾಗಿ ಕಾಣುತ್ತದೆ. ಲಿವರನ್ನೂ ಡೈನ ಬೇರೆ ಬೇರೆ ಹಂತದಲ್ಲಿ ನೋಡುತ್ತಾರೆ. ಡೈಗೆ ಕಿಡ್ನಿ ಸರಿಯಿದೆಯಾ ಅಂತ ನೋಡುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಮೊದಲೇ ಮಾಡಿಸಿಕೊಂಡು ಹೋಗಿ. ನುಂಗುವ ಕ್ಯಾಪ್ಸೂಲ್ ಕ್ಯಾಮೆರಾ ಬಗ್ಗೆ ಯಾರಾದರೂ ಹೇಳಿದರೆ, ಕರುಳು ಎಲ್ಲೂ ಕಿರಿದಾಗಿಲ್ಲ ಅಂತ ಗೊತ್ತಾಗುವ ತನಕ ಬೇಡ ಅನ್ನಿ. ಕಿರಿದಾದ ಜಾಗದಲ್ಲಿ ಅದು ಸಿಕ್ಕಿಹಾಕಿಕೊಳ್ಳಬಹುದು.

ಎರಡನೆಯದು ಆ ಕೆಂಪು. ನೀವು ಅದನ್ನು ಸಂಬಂಧ ಇದೆಯೋ ಇಲ್ಲವೋ ಅಂತ ಕೊನೆಗೆ ಬರೆದಿರಿ. ನನಗೆ ಅದೇ ಮುಖ್ಯ ಅನಿಸಿತು. ಈ ಗಡ್ಡೆಗಳು ಸೆರೊಟೋನಿನ್ ಮತ್ತೆ ಅಂಥ ಬೇರೆ ಪದಾರ್ಥಗಳನ್ನು ರಕ್ತಕ್ಕೆ ಬಿಡುತ್ತವೆ. ಕರುಳಿನಿಂದ ಹೊರಟ ರಕ್ತ ಮೊದಲು ಲಿವರಿಗೆ ಹೋಗುತ್ತದೆ, ಲಿವರ್ ಅವನ್ನು ಒಡೆದು ಹಾಕುತ್ತದೆ. ಅದಕ್ಕೇ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಮುಖ ಕೆಂಪಾಗಿ, ಭೇದಿ ಜೋರಾಗಿ, ಕೆಲವರಿಗೆ ಉಬ್ಬಸವೂ ಶುರುವಾಯಿತು ಅಂದರೆ ಹೆಚ್ಚಿನ ಸಲ ಅದು ಲಿವರಿಗೆ ಹರಡಿ, ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತಿದೆ ಅಂತ ಅರ್ಥ. ಇದನ್ನು ಮುಚ್ಚಿಡದೆ ಹೇಳುತ್ತಿದ್ದೇನೆ, ಯಾಕೆಂದರೆ ಲಿವರಿಗೆ ಹೋಗಿದ್ದರೂ ಈ ಕಾಯಿಲೆಯಲ್ಲಿ ವರ್ಷಗಟ್ಟಲೆ ಚೆನ್ನಾಗಿ ಬಾಳಿದವರು ಬಹಳ ಜನ ಇದ್ದಾರೆ. ನಮ್ಮ ಯಜಮಾನರೇ ಇದ್ದಾರೆ. ಇವತ್ತು ಬೆಳಗ್ಗೆ ಅಡಿಕೆ ಕೊಯ್ಲಿನವರ ಜೊತೆ ಜಗಳ ಆಡಿ ಬಂದರು.

ಮುಟ್ಟು ನಿಂತ ಕಾಲದ ಬಿಸಿಯಲ್ಲಿ ಸಾಮಾನ್ಯವಾಗಿ ಬೆವರು ಕಿತ್ತುಕೊಂಡು ಬರುತ್ತದೆ. ಈ ಗಡ್ಡೆಯಿಂದ ಬರುವ ಕೆಂಪಿನಲ್ಲಿ ಹೆಚ್ಚಾಗಿ ಬೆವರಿರುವುದಿಲ್ಲ, ಒಣ ಕೆಂಪು. ಕೆಲವು ನಿಮಿಷ ಇದ್ದು ಹೋಗುತ್ತದೆ. ಊಟ, ಬಿಸಿ ಕಾಫಿ, ಖಾರ, ಸಿಟ್ಟು, ಹೆಂಡ ಇವುಗಳಿಂದ ಬರುತ್ತದೆ. ಒಂದು ಎಚ್ಚರಿಕೆ: ಬಿಪಿಗೆ ಕೊಡುವ ಆಮ್ಲೋಡಿಪಿನ್ ಮಾತ್ರೆಯಿಂದಲೂ ಮುಖ ಕೆಂಪಾಗುತ್ತದೆ, ಕಾಲು ಊದುತ್ತದೆ. ಅವ್ವ ಯಾವ ಮಾತ್ರೆ ತಗೋತಾರೆ ನೋಡಿ. ಕೆಂಪಾದಾಗ ಫೋನಿನಲ್ಲಿ ಫೋಟೊ ತೆಗೆದಿಡಿ. ಡಾಕ್ಟರ ಮುಂದೆ ಕೂತಾಗ ಅದು ಬರುವುದಿಲ್ಲ.

ಮೂರನೆಯದು 24 ಗಂಟೆ ಮೂತ್ರದ 5-ಎಚ್‌ಐಎಎ ಪರೀಕ್ಷೆ. ಸೆರೊಟೋನಿನ್ ಒಡೆದು ಮೂತ್ರದಲ್ಲಿ ಹೋಗುವುದನ್ನು ಇದು ಅಳೆಯುತ್ತದೆ. ಒಂದು ಸಣ್ಣ ಊರಿನಿಂದಲೂ ಮಾಡಿಸಬಹುದು, ಸ್ಯಾಂಪಲ್ ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ. ಕ್ರೋಮೋಗ್ರಾನಿನ್ ಎ ಅಂತ ರಕ್ತ ಪರೀಕ್ಷೆಯೂ ಇದೆ, ಆದರೆ ಅದು ಬೇಗ ದಾರಿ ತಪ್ಪಿಸುತ್ತದೆ. ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್, ಒಮಿಪ್ರಜೋಲ್ ತಗೊಳ್ಳುವವರಲ್ಲಿ ಗಡ್ಡೆ ಇಲ್ಲದೆಯೂ ಏರುತ್ತದೆ. ಕಿಡ್ನಿ ತೊಂದರೆ ಇದ್ದರೂ ಏರುತ್ತದೆ. ನಮ್ಮ ರಾಜ್ಯದಲ್ಲಿ ಆ ಮಾತ್ರೆ ನುಂಗದ ಮನೆ ಯಾವುದಿದೆ, ಹೇಳಿ.

ಈಗ ಟಿಬಿ ವಿಷಯ. ಡಾಕ್ಟರು ಟಿಬಿ ಅನುಮಾನ ಪಟ್ಟದ್ದು ತಪ್ಪಲ್ಲ. ನಮ್ಮ ದೇಶದಲ್ಲಿ ಹೊಟ್ಟೆ ಟಿಬಿ ನಿಜವಾಗಿಯೂ ಹೀಗೇ ಕಾಣಿಸಿಕೊಳ್ಳುತ್ತದೆ. ಆದರೆ ಮ್ಯಾಂಟೂ ಪಾಸಿಟಿವ್ ಅಂದರೆ ಯಾವತ್ತೋ ಆ ರೋಗಾಣು ಮೈಗೆ ಸೇರಿತ್ತು ಅಂತ ಅಷ್ಟೇ. ನಮ್ಮಲ್ಲಿ ಎಷ್ಟೋ ಆರೋಗ್ಯವಂತರಿಗೂ ಪಾಸಿಟಿವ್ ಬರುತ್ತದೆ. ಸುಣ್ಣ ಕಟ್ಟಿದ ಹಳೇ ಗಂಟು ಈಗ ಚಾಲ್ತಿಯಲ್ಲಿರುವ ಟಿಬಿಗೆ ಸಾಕ್ಷಿ ಅಲ್ಲ. ಅದಕ್ಕೆ "ಸರ್, ಈ ಗಂಟಿನಿಂದ ಅಥವಾ ಕರುಳಿನಿಂದ ತುಣುಕು ತೆಗೆದು ಬಯಾಪ್ಸಿ, ಸಿಬಿನ್ಯಾಟ್, ಕಲ್ಚರ್ ಮಾಡಲು ಆಗುತ್ತದಾ?" ಅಂತ ವಿನಯವಾಗಿ ಕೇಳಿ (ಸಿಬಿನ್ಯಾಟ್ ಟಿಬಿ ರೋಗಾಣುವಿನ ಜೀನ್ ಹುಡುಕುತ್ತದೆ, ಕಲ್ಚರ್ ಅಂದರೆ ರೋಗಾಣು ಬೆಳೆಸಿ ನೋಡುವುದು). ಜ್ವರ ಇಲ್ಲ ಅನ್ನುವುದನ್ನೂ, ರಾತ್ರಿ ಬೆವರು ಬರದಿದ್ದರೆ ಅದನ್ನೂ ಹೇಳಿ. ಮಾತ್ರೆ ಶುರುವಾದರೆ ಇನ್ನೊಂದು ಕಷ್ಟ ಇದೆ. ಈ ಗಡ್ಡೆ ಬಹಳ ನಿಧಾನವಾಗಿ ಬೆಳೆಯುತ್ತದೆ. ಎರಡು ತಿಂಗಳಾದ ಮೇಲೆ ನೋಡಿದರೆ ಗಂಟು ಅಷ್ಟೇ ಇರುತ್ತದೆ. "ದೊಡ್ಡದಾಗಿಲ್ಲ, ಮಾತ್ರೆ ಕೆಲಸ ಮಾಡುತ್ತಿದೆ, ಮುಂದುವರಿಸಿ" ಅಂತ ಆಗಿಬಿಡುತ್ತದೆ. ನಮ್ಮಲ್ಲಿ ಹಾಗೇ ಆಯಿತು.

ಇದರ ಜೊತೆಗೆ ಸಾದಾ ಕಾರಣಗಳನ್ನೂ ಬಿಡಬೇಡಿ. ಥೈರಾಯ್ಡ್ ನೋಡಿದ್ದಾರಾ? ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಗೆ ಟಿಟಿಜಿ ರಕ್ತ ಪರೀಕ್ಷೆ? ಕೊಲೊನೋಸ್ಕೋಪಿಯಲ್ಲಿ ತುಣುಕು ತೆಗೆದಿದ್ದಾರಾ? ನೋಡಲು ನಾರ್ಮಲ್ ಇದ್ದು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಕೊಲೈಟಿಸ್ (ದೊಡ್ಡ ಕರುಳಿನ ಉರಿಯೂತ) ಇದೆ, ಅದು ಇವರ ವಯಸ್ಸಿನ ಹೆಂಗಸರಲ್ಲಿ ಬರುತ್ತದೆ. ಶುಗರ್ ಇಲ್ಲ ಅಂದಿರಿ, ಇದ್ದಿದ್ದರೆ ಭೇದಿ ತರಿಸಬಹುದಾದ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಬಗ್ಗೆಯೂ ಕೇಳುತ್ತಿದ್ದೆ. ಯಾವುದೇ ಇರಲಿ, ರಾತ್ರಿ ಎಬ್ಬಿಸುವ ಭೇದಿ, ಉಪವಾಸದಲ್ಲೂ ನಿಲ್ಲದ ಭೇದಿ, ತೂಕ ಇಳಿಯುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾಗುವುದು, ಇವು ಇದ್ದಾಗ ಐಬಿಎಸ್ ಅಂತ ಫೈಲ್ ಮುಚ್ಚಬಾರದು. ಮಂಡ್ಯದವರು ಬರೆದಿದ್ದಾರಲ್ಲ, ಐಬಿಎಸ್ ಅಂದರೆ ಅದು.

ಈ ಹೆಸರು ಎಲ್ಲೋ ಕೇಳಿದ ಹಾಗಿದೆ ಅನಿಸಬಹುದು. ನಟ ಇರ್ಫಾನ್ ಖಾನ್ 2018ರ ಮಾರ್ಚಿನಲ್ಲಿ ತಮಗೆ ನ್ಯೂರೋಎಂಡೋಕ್ರೈನ್ ಟ್ಯೂಮರ್ ಅಂತ ಹೇಳಿಕೊಂಡಿದ್ದರು, 2020ರ ಏಪ್ರಿಲಿನಲ್ಲಿ ತೀರಿಕೊಂಡರು. ಅವರ ಕಥೆ ನೆನಪಾಗಿ ನಿಮಗೆ ಭಯ ಆಗಬಾರದು ಅಂತಲೇ ಹೇಳುತ್ತಿದ್ದೇನೆ. ಒಂದೇ ಹೆಸರಿನ ಕೆಳಗೆ ಬಹಳ ಬೇರೆ ಬೇರೆ ಕಾಯಿಲೆಗಳಿವೆ. ಬಯಾಪ್ಸಿಯಲ್ಲಿ ಕೆಐ-67 ಅಂತ ಒಂದು ಅಂಕಿ ಬರುತ್ತದೆ, ಎಷ್ಟು ಜೀವಕೋಶಗಳು ಒಡೆದು ಬೆಳೆಯುತ್ತಿವೆ ಅಂತ. ಶೇಕಡಾ 3ಕ್ಕಿಂತ ಕಮ್ಮಿ ಇದ್ದರೆ ಗ್ರೇಡ್ 1, 20ರವರೆಗೆ ಗ್ರೇಡ್ 2, ಅದಕ್ಕೂ ಮೇಲೆ ಗ್ರೇಡ್ 3. ಸಣ್ಣ ಕರುಳಿನವು ಹೆಚ್ಚಿನವು ಒಂದನೇ ಎರಡನೇ ಗ್ರೇಡಿನವು. ಹಳೇ ಡಾಕ್ಟರುಗಳು ಕಾರ್ಸಿನಾಯ್ಡ್ ಅಂತಾರೆ, ಅದೂ ಇದೇ.

ಕುಂದಾಪ್ರ ಡ್ರೈವರ್:

ಅಕ್ಕ ಹೇಳಿದ "ನಡುವಿನ ಕರುಳು ಯಾರೂ ನೋಡಿಲ್ಲ" ಅನ್ನುವುದಕ್ಕೆ ನನ್ನದೂ ಒಂದು ಸಾಕ್ಷಿ. ನನಗೆ ಬಂದದ್ದು ಬೇರೆ, ಜಿಸ್ಟ್ ಅಂತ ಹೊಟ್ಟೆಯ ಗೋಡೆಯಲ್ಲಿ ಬೆಳೆಯುವ ಗಡ್ಡೆ. ನನಗೆ ಭೇದಿ ಇರಲಿಲ್ಲ. ಹೊಟ್ಟೆ ಭಾರ, ಎರಡು ತುತ್ತಿಗೆ ಹೊಟ್ಟೆ ತುಂಬಿದ ಹಾಗೆ, ಗ್ಯಾಸ್ ಗ್ಯಾಸ್. ಬಸ್ ಓಡಿಸುವವರು ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಅದಕ್ಕೇ ಗ್ಯಾಸ್ಟ್ರಿಕ್ ಅಂತ ಎಲ್ಲರೂ ಹೇಳಿದರು. ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಕಮ್ಮಿ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ಆ ಮಾತ್ರೆ ತಗೊಂಡರೆ ಮಲ ಕಪ್ಪಾಗುತ್ತದೆ. ಒಳಗೆ ಗಡ್ಡೆಯಿಂದ ರಕ್ತ ಸೋರಿದರೂ ಮಲ ಕಪ್ಪಾಗುತ್ತದೆ, ಡಾಂಬರಿನ ಬಣ್ಣ, ಅಂಟಂಟು, ಕೆಟ್ಟ ವಾಸನೆ. ಮಾತ್ರೆಯಿಂದ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗಂಡಸರಿಗೆ ಸುಮ್ನೆ ರಕ್ತ ಕಮ್ಮಿ ಆಗುವುದಿಲ್ಲ, ಎಲ್ಲಿಂದ ಹೋಗುತ್ತಿದೆ ಅಂತ ಕೇಳಬೇಕು.

ಎಂಡೋಸ್ಕೋಪಿಯಲ್ಲಿ ಹೊಟ್ಟೆಯ ಗೋಡೆ ಒಂದು ಕಡೆ ಉಬ್ಬಿದೆ, ಮೇಲ್ಪದರ ನುಣ್ಣಗಿದೆ ಅಂತ ಬಂತು. ತುಣುಕು ತೆಗೆದರು, ನಾರ್ಮಲ್. ಆಮೇಲೆ ತಿಳಿದದ್ದು, ಈ ಗಡ್ಡೆ ಪದರದ ಕೆಳಗಿನ ಸ್ನಾಯುವಿನಲ್ಲಿ ಬೆಳೆಯುತ್ತದೆ, ಮೇಲಿಂದ ಚಿವುಟಿದರೆ ಸಿಗುವುದಿಲ್ಲ. ತುದಿಯಲ್ಲಿ ಸ್ಕ್ಯಾನಿಂಗ್ ಇರುವ ಎಂಡೋಸ್ಕೋಪಿಯಲ್ಲಿ, ಇಯುಎಸ್ ಅಂತಾರೆ, ಸೂಜಿ ಚುಚ್ಚಿ ತೆಗೆದರು. ಜಿಸ್ಟ್ ಗುರುತಿಸುವ ಸಿಡಿ117 ಪಾಸಿಟಿವ್ ಬಂತು. ಆಪರೇಷನ್ ಆಯಿತು, ಈಗ ದಿನಾ ಊಟದ ಜೊತೆ ಇಮಾಟಿನಿಬ್ ಅನ್ನುವ ಕ್ಯಾನ್ಸರ್ ಮಾತ್ರೆ 400 ಮಿಲಿಗ್ರಾಂ. ಬೆಳಗ್ಗೆ ಕಣ್ಣ ಸುತ್ತ ಊದಿರುತ್ತದೆ, ಬೇರೆ ತೊಂದರೆ ಕಮ್ಮಿ. ಈ ಮಾತ್ರೆಯ ಪೇಟೆಂಟ್ ಕೇಸಿನಲ್ಲಿ ಸುಪ್ರೀಂ ಕೋರ್ಟು 2013ರ ಏಪ್ರಿಲ್ 1ರಂದು ನೋವಾರ್ಟಿಸ್ ಕಂಪನಿಯ ಅರ್ಜಿ ತಳ್ಳಿಹಾಕಿತು. ನಮ್ಮ ದೇಶದ ಕಂಪನಿಗಳ ಮಾತ್ರೆ ಕಮ್ಮಿ ಬೆಲೆಗೆ ಸಿಗುತ್ತಿರುವುದಕ್ಕೆ ನನ್ನಂಥವನ ಸಂಸಾರ ನಡೆಯುತ್ತಿದೆ. ದುಡ್ಡಿಗೆ ಹೆದರಿ ಪರೀಕ್ಷೆ ಮುಂದೂಡಬೇಡಿ.

ಚನ್ನಗಿರಿ ಹುಡುಗಿ:

ಅಕ್ಕ, ಅಣ್ಣ, ಎಷ್ಟು ಹೊತ್ತು ಕೂತು ಬರೆದಿದ್ದೀರಿ. ಅವ್ವನಿಗೂ ಓದಿ ಹೇಳಿದೆ, ಲಿವರ್ ವಿಷಯ ಒಂದು ಬಿಟ್ಟು. ಬೆವರು ಬರುತ್ತದಾ ಅಂತ ಕೇಳಿದೆ. ಇಲ್ಲ, ಬಿಸಿ ಸಾರು ಉಂಡಾಗ ಕಿವಿತನಕ ಉರಿ ಹತ್ತುತ್ತದೆ, ಬೆವರು ಬರಲ್ಲ ಅಂದಳು. ಬಿಪಿ ಮಾತ್ರೆ ಆಮ್ಲೋಡಿಪಿನ್ನೇ. ಕಾಲು ಸಂಜೆ ಹೊತ್ತಿಗೆ ಊದುತ್ತದೆ. ಆದರೆ ಕೆಂಪಾಗುವುದು ಆ ಮಾತ್ರೆ ಶುರುವಾಗುವ ಮುಂಚಿನಿಂದಲೂ ಇತ್ತಂತೆ. ಕತ್ತಿನ ಸುತ್ತ ಚರ್ಮ ಕಪ್ಪಾಗಿ ಒರಟಾಗಿದೆ, ಹೊಲದ ಬಿಸಿಲು ಅಂತ ಬಿಟ್ಟಿದ್ದೆವು. ಥೈರಾಯ್ಡ್ ನಾರ್ಮಲ್. ಕೊಲೊನೋಸ್ಕೋಪಿ ರಿಪೋರ್ಟಿನಲ್ಲಿ ತುಣುಕು ತೆಗೆದ ಬಗ್ಗೆ ಏನೂ ಬರೆದಿಲ್ಲ.

ಟಿಬಿ ಮಾತ್ರೆ ಬೇಡ ಅನ್ನಲಿಲ್ಲ, ಈ ಪರೀಕ್ಷೆಗಳು ಆಗುವ ತನಕ ಒಂದೆರಡು ವಾರ ಕಾಯಬಹುದಾ ಅಂತ ಡಾಕ್ಟರನ್ನು ಕೇಳಿದೆ. ಕೆಂಪಾದ ಫೋಟೊ ತೋರಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, ಆಯಿತು, ಡೈ ಹಾಕಿ ಸಿಟಿ ಮಾಡಿಸೋಣ, ಮೂತ್ರ ಪರೀಕ್ಷೆಯೂ ಬರೆಯುತ್ತೇನೆ ಅಂದರು. ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ.

ಆ ಮೂತ್ರ ಪರೀಕ್ಷೆ ಹೇಗೆ ಮಾಡಿಸುವುದು? ಅವ್ವ ಪ್ಯಾಂಟೊಪ್ರಜೋಲ್ ದಿನಾ ತಗೋತಾಳೆ, ನಿಲ್ಲಿಸಬೇಕಾ? ಮುಂದೆ ಪೆಟ್ ಸ್ಕ್ಯಾನ್ ಅಂದರೆ ಖರ್ಚು ಎಷ್ಟಾಗುತ್ತದೋ ಅಂತ ಅಣ್ಣನಿಗೆ ಚಿಂತೆ.

ತೋಟದ ಮನೆ, ತೀರ್ಥಹಳ್ಳಿ:

ಒಳ್ಳೆ ಡಾಕ್ಟರು. ಅವರನ್ನು ಬಿಡಬೇಡಿ. ಕತ್ತಿನ ಚರ್ಮದ ವಿಷಯವನ್ನು ಅವರಿಗೆ ತಪ್ಪದೆ ಹೇಳಿ. ಈ ಗಡ್ಡೆ ಸೆರೊಟೋನಿನ್ ಮಾಡಲು ಊಟದ ಪ್ರೋಟೀನಿನಲ್ಲಿರುವ ಟ್ರಿಪ್ಟೊಫಾನ್ ಅನ್ನುವ ಅಂಶವನ್ನು ಕಬಳಿಸುತ್ತದೆ. ಮೈಗೆ ಬೇಕಾದ ನಯಾಸಿನ್ ವಿಟಮಿನ್ನಿನ ಒಂದು ಪಾಲು ತಯಾರಾಗುವುದೂ ಅದರಿಂದಲೇ. ಅದು ಸಾಲದೆ ಹೋದರೆ ಪೆಲ್ಲಾಗ್ರ ಬರುತ್ತದೆ: ಬಿಸಿಲು ಬಿದ್ದ ಕಡೆ ಚರ್ಮ ಕಪ್ಪಾಗಿ ಒರಟಾಗುತ್ತದೆ, ಭೇದಿಯೂ ಜಾಸ್ತಿಯಾಗುತ್ತದೆ. ಬರೀ ಜೋಳದ ಮೇಲೆ ಬದುಕುತ್ತಿದ್ದ ಸೀಮೆಗಳಲ್ಲಿ ಹಿಂದೆ ಇದು ಕಾಣುತ್ತಿತ್ತು. ಬಿಸಿಲೇ ಕಾರಣ ಇರಬಹುದು, ಆದರೂ ಹೇಳಿ.

ಮೂತ್ರ ಪರೀಕ್ಷೆ. ಎರಡು ಮೂರು ದಿನ ಮುಂಚಿನಿಂದ ಮತ್ತೆ ಹಿಡಿಯುವ ದಿನವೂ ಬಾಳೆಹಣ್ಣು, ಅನಾನಸ್, ಟೊಮೆಟೊ, ಬದನೆಕಾಯಿ, ಅಕ್ರೋಟ್, ಬೆಣ್ಣೆಹಣ್ಣು, ಕಿವಿ ಹಣ್ಣು ಬೇಡ. ಇವುಗಳಲ್ಲೇ ಸೆರೊಟೋನಿನ್ ಇದೆ, ಲೆಕ್ಕ ತಪ್ಪುತ್ತದೆ. ನಮ್ಮ ಕಡೆ ಟೊಮೆಟೊ ಇಲ್ಲದ ಸಾರು ಮಾಡುವುದೇ ಕಷ್ಟ, ಹುಣಸೆಹಣ್ಣಿನಲ್ಲಿ ಮಾಡಿ. ಕೆಮ್ಮಿನ ಔಷಧಿ, ಪ್ಯಾರಾಸಿಟಮಾಲ್, ಮನಸ್ಸಿನ ಕಾಯಿಲೆಯ ಮಾತ್ರೆ ಏನಾದರೂ ಇದ್ದರೆ ಲ್ಯಾಬಿಗೂ ಡಾಕ್ಟರಿಗೂ ಮೊದಲೇ ತಿಳಿಸಿ. ಲ್ಯಾಬಿನವರು ಕ್ಯಾನ್ ಕೊಡುತ್ತಾರೆ, ಅದರಲ್ಲಿ ಸ್ವಲ್ಪ ಆಸಿಡ್ ಹಾಕಿರುತ್ತಾರೆ. ನೇರ ಅದರ ಮೇಲೆ ಕೂರಬಾರದು, ಚೊಂಬಿನಲ್ಲಿ ಹಿಡಿದು ನಿಧಾನವಾಗಿ ಸುರಿಯಬೇಕು. ಮೊದಲ ದಿನ ಬೆಳಗ್ಗೆ ಎದ್ದ ಕೂಡಲೇ ಹೋದ ಮೂತ್ರ ಬಿಟ್ಟುಬಿಡಿ, ಗಂಟೆ ಬರೆದುಕೊಳ್ಳಿ. ಅಲ್ಲಿಂದ ಮಾರನೇ ದಿನ ಅದೇ ಹೊತ್ತಿನ ಮೂತ್ರದವರೆಗೆ ಒಂದು ಸಲವೂ ಬಿಡದೆ ಸೇರಿಸಿ. ಭೇದಿ ಇರುವವರಿಗೆ ಇದು ಬಹಳ ಕಷ್ಟ, ಮೊದಲು ಮೂತ್ರ ಹಿಡಿದು ಆಮೇಲೆ ಸಂಡಾಸಿಗೆ ಕೂರಬೇಕು. ಹೊರಗೆ ಹೋಗುವ ಕೆಲಸ ಇಲ್ಲದ ದಿನ ಇಟ್ಟುಕೊಳ್ಳಿ.

ಪ್ಯಾಂಟೊಪ್ರಜೋಲ್ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಮೂತ್ರ ಪರೀಕ್ಷೆಗೆ ಅದು ಅಡ್ಡಿ ಅಲ್ಲ, ಕ್ರೋಮೋಗ್ರಾನಿನ್‌ಗೆ ಮಾತ್ರ ಅಡ್ಡಿ, ಅದಕ್ಕೆ ಸುಮಾರು ಎರಡು ವಾರ ಬಿಡಿಸುತ್ತಾರೆ. ಇನ್ನೊಂದು ಬಗೆಯ ಗಡ್ಡೆ ಇದೆ, ಗ್ಯಾಸ್ಟ್ರಿನೋಮ. ಅದರಲ್ಲಿ ಹೊಟ್ಟೆಯ ಆಸಿಡ್ ವಿಪರೀತ ಸುರಿದು ಅಲ್ಸರ್ ಮೇಲೆ ಅಲ್ಸರ್, ಜೊತೆಗೆ ಭೇದಿ. ಅವರಿಗೆ ಈ ಮಾತ್ರೆ ತಗೊಂಡರೆ ಭೇದಿಯೇ ಕಮ್ಮಿಯಾಗುತ್ತದೆ, ದಿಢೀರ್ ಬಿಟ್ಟರೆ ಅಪಾಯ. ಅವ್ವನಿಗೆ ಮಾತ್ರೆ ತಗೊಂಡರೂ ಭೇದಿ ನಿಂತಿಲ್ಲ, ಅಲ್ಸರ್ ಇಲ್ಲ. ಅದಿರಲಾರದು, ಆದರೂ ಬಿಡಿಸುವುದನ್ನು ಡಾಕ್ಟರು ಹೇಳಲಿ.

ಕಾಲು ಊತಕ್ಕೆ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿಸಿ. ಈ ಕಾಯಿಲೆಯಲ್ಲಿ ಹೃದಯದ ಬಲಗಡೆಯ ಕವಾಟಗಳು ದಪ್ಪವಾಗಿ ಸರಿಯಾಗಿ ಮುಚ್ಚದಂತಾಗುತ್ತವೆ. ಎಡಗಡೆ ಸಾಮಾನ್ಯವಾಗಿ ಬಚಾವ್, ಯಾಕೆಂದರೆ ಶ್ವಾಸಕೋಶ ಆ ಪದಾರ್ಥಗಳನ್ನು ಒಡೆಯುತ್ತದೆ. ಎಕೋ ಮಾಡುವವರಿಗೆ "ಟ್ರೈಕಸ್ಪಿಡ್, ಪಲ್ಮನರಿ ಕವಾಟ ವಿಶೇಷವಾಗಿ ನೋಡಿ" ಅಂತ ಚೀಟಿಯಲ್ಲಿ ಬರೆಸಿಕೊಂಡು ಹೋಗಿ.

ಪೆಟ್ ಸ್ಕ್ಯಾನ್ ಮಾತು ಮೂತ್ರ ಪರೀಕ್ಷೆ, ಸಿಟಿ ಆದ ಮೇಲೆ. ಆದರೆ ಬಂದರೆ ಇದು ನೆನಪಿರಲಿ: ಎಲ್ಲಾ ಕ್ಯಾನ್ಸರಿಗೂ ಮಾಡುವ ಸಕ್ಕರೆಯ ಪೆಟ್, ಎಫ್‌ಡಿಜಿ, ಈ ನಿಧಾನದ ಗಡ್ಡೆಗಳಲ್ಲಿ ಎಷ್ಟೋ ಸಲ ಏನೂ ತೋರಿಸುವುದಿಲ್ಲ. ಬೇಕಾದದ್ದು ಗ್ಯಾಲಿಯಂ-68 ಡೋಟಾಟೇಟ್ ಅಥವಾ ಡೋಟಾನಾಕ್ ಪೆಟ್. ಗಡ್ಡೆಯ ಮೈಮೇಲಿರುವ ಸೊಮಾಟೊಸ್ಟಾಟಿನ್ ಗ್ರಾಹಕಗಳಿಗೆ ಅದು ಹೋಗಿ ಅಂಟಿಕೊಳ್ಳುತ್ತದೆ. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗ ಇರುವ ದೊಡ್ಡ ಆಸ್ಪತ್ರೆಗಳಲ್ಲಿ ವಿಚಾರಿಸಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಅಡ್ಮಿಟ್ ಆಗುವ ಮೊದಲೇ ಕೇಳಿ. ಬೆಂಗಳೂರಿನ ಕಿದ್ವಾಯಿ ಸರ್ಕಾರದ ಕ್ಯಾನ್ಸರ್ ಸಂಸ್ಥೆ, ಅಲ್ಲಿಯೂ ಒಂದು ಅಭಿಪ್ರಾಯ ತಗೊಳ್ಳಬಹುದು.

ಬಯಾಪ್ಸಿ ಅಥವಾ ಆಪರೇಷನ್ ಅಂತ ಬಂದರೆ ಅರಿವಳಿಕೆ ಡಾಕ್ಟರಿಗೆ "ಕಾರ್ಸಿನಾಯ್ಡ್ ಅನುಮಾನ ಇದೆ" ಅಂತ ನೀವೇ ಬಾಯಿಬಿಟ್ಟು ಹೇಳಿ. ಗಡ್ಡೆಯನ್ನು ಮುಟ್ಟಿದಾಗ ಒಮ್ಮೆಲೇ ಎಲ್ಲಾ ಪದಾರ್ಥ ರಕ್ತಕ್ಕೆ ಬಂದು ಬಿಪಿ ಏರುಪೇರಾಗಬಹುದು. ಅದಕ್ಕೆ ಆ ಪದಾರ್ಥಗಳನ್ನು ತಡೆಯುವ ಆಕ್ಟ್ರಿಯೊಟೈಡ್ ಇಂಜೆಕ್ಷನ್ ಕೈಗೆ ಸಿಗುವ ಹಾಗೆ ಸಿದ್ಧ ಇಟ್ಟುಕೊಂಡಿರುತ್ತಾರೆ.

ನಮ್ಮವರಿಗೆ ಕರುಳಿನ ಆ ಭಾಗ ಮತ್ತೆ ಗಂಟು ತೆಗೆದರು. ಈಗ 28 ದಿನಕ್ಕೊಮ್ಮೆ ಆಕ್ಟ್ರಿಯೊಟೈಡ್ ಡಿಪೋ ಇಂಜೆಕ್ಷನ್. ಶಿವಮೊಗ್ಗದಿಂದ ಐಸ್ ಡಬ್ಬಿಯಲ್ಲಿ ತರುತ್ತೇವೆ. ಪುಡಿಗೆ ದ್ರವ ಹಾಕಿ, ಅಲ್ಲಾಡಿಸದೆ ನೆನೆಯಲು ಬಿಟ್ಟು, ಆಮೇಲೆ ಕಲಸಿ ಕೂಡಲೇ ಸೊಂಟದ ಕೆಳಗೆ ಆಳವಾಗಿ ಕೊಡಬೇಕು, ತಡವಾದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ನಮ್ಮ ಊರಿನ ನರ್ಸಮ್ಮ ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಅಂದರೆ ದೊಡ್ಡ ಆಸ್ಪತ್ರೆಯಲ್ಲಿ ಕೊಟ್ಟದ್ದಕ್ಕಿಂತ ನೋವು ಕಮ್ಮಿ ಅಂತಾರೆ ಇವರು. ಮುಖ ಕೆಂಪಾಗುವುದು ನಿಂತಿದೆ. ಭೇದಿ ಬಹುಪಾಲು ಹೋಗಿದೆ. ಇಲಿಯಮ್ ಹೋದವರಿಗೆ ಬಿ12 ಹೀರಿಕೊಳ್ಳುವುದಿಲ್ಲ, ಅದರ ಇಂಜೆಕ್ಷನ್ ಬೇರೆ. ಆಕ್ಟ್ರಿಯೊಟೈಡ್‌ನಿಂದ ಪಿತ್ತಕೋಶದಲ್ಲಿ ಕಲ್ಲು ಬರಬಹುದು ಅಂತ ಆಗಾಗ ಸ್ಕ್ಯಾನ್. ಆ ಇಂಜೆಕ್ಷನ್ನಿನಿಂದ ಹಿಡಿತಕ್ಕೆ ಬರದವರಿಗೆ ಲುಟೀಶಿಯಂ-177 ಅನ್ನುವ ವಿಕಿರಣ ಚಿಕಿತ್ಸೆ ಇದೆ, ಆ ಲುಟೀಶಿಯಂ ನಮ್ಮ ದೇಶದಲ್ಲೇ, ಮುಂಬೈನ ಟ್ರಾಂಬೆಯಲ್ಲಿ ತಯಾರಾಗುತ್ತದೆ.

ಸಿಟಿ ಆದ ಮೇಲೆ ರಿಪೋರ್ಟ್ ಹಾಳೆ ಮಾತ್ರ ತಗೊಂಡು ಬರಬೇಡಿ, ಸಿಡಿ ಕೇಳಿ. ಹಳೇ ಸಿಟಿಯ ಸಿಡಿಯನ್ನೂ ಜೊತೆಗೆ ಕೊಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಮತ್ತೆ, ಲಿವರ್ ವಿಷಯ ಅವ್ವನಿಗೆ ಈಗ ಹೇಳದಿದ್ದದ್ದು ಒಳ್ಳೆಯದೇ ಆಯಿತು. ಇನ್ನೂ ಏನೂ ಗೊತ್ತಿಲ್ಲವಲ್ಲ.

ಚನ್ನಗಿರಿ ಹುಡುಗಿ:

ಕ್ಯಾನ್ ತಂದಿದ್ದೇನೆ ಅಕ್ಕ. ನಾಳೆಯಿಂದ ಟೊಮೆಟೊ, ಬಾಳೆಹಣ್ಣು ಬಂದ್, ಭಾನುವಾರ ಬೆಳಗ್ಗೆಯಿಂದ ಹಿಡಿಯುವುದು. ಡೈ ಹಾಕುವ ಸಿಟಿ ಬುಧವಾರ, ದಾವಣಗೆರೆಯಲ್ಲಿ. ಕ್ರಿಯಾಟಿನಿನ್ 0.8 ಬಂದಿದೆ, ಪರವಾಗಿಲ್ಲ ಅಂದರು. ಎಕೋ ಕೂಡ ಅವತ್ತೇ ಮಾಡಿಸುತ್ತೇವೆ, ಚೀಟಿಯಲ್ಲಿ ಎರಡೂ ಕವಾಟದ ಹೆಸರು ಬರೆಸಿದ್ದೇನೆ. ರಿಪೋರ್ಟ್ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ, ಏನೇ ಬಂದರೂ.